ಕುಲಗೋಡದ ಪಾರಿಜಾತ

1977ರಲ್ಲಿ ಹಾರಿದ ವಾಯೇಜರ್ ನೌಕೆಯ ಬಂಗಾರದ ತಟ್ಟೆಯಲ್ಲಿ ಬಲ್ಗೇರಿಯಾದ ವಾಲ್ಯಾ ಬಾಲ್ಕಾನ್ಸ್ಕಾ ಹಾಡಿದ ಒಂದು ಜಾನಪದ ಗೀತೆ ಇದೆ. ಹಳ್ಳಿಯ ಪದ ಎಷ್ಟು ದೂರ ಹೋಗಬಲ್ಲದು ನೋಡಿ!

ಕಣಗಲಾ, ಹುಕ್ಕೇರಿ ಕಡೆಯವರಿಗೆ ಇಂಥ ಪದ ಹುಡುಕಲು ಆಕಾಶ ಬೇಕಿಲ್ಲ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣ 19ನೇ ಶತಮಾನದಲ್ಲಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟವಿದೆ. ನಾರದ ತಂದ ಒಂದು ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಕಥೆ ಇಷ್ಟೇ. ಆದರೆ ಆ ಮುನಿಸು ರಾತ್ರಿಯಿಡೀ ಹಾಡಾಗಿ ಹರಿಯುತ್ತದೆ.

ಇನ್ನೊಂದು ಬಗೆಯ ಬಯಲಾಟವಾದ ದೊಡ್ಡಾಟದಲ್ಲಿ ಅಬ್ಬರ ಹೆಚ್ಚು. ಪಾರಿಜಾತದಲ್ಲಿ ಕಂಠವೇ ಬಂಡವಾಳ. ಹಿಂದೂಸ್ತಾನಿ ರಾಗಗಳ ನೆರಳು, ಹಾರ್ಮೋನಿಯಂ, ತಬಲಾ, ತಾಳ, ನಡುನಡುವೆ ದೂತಿಯ ಚೇಷ್ಟೆಯ ಮಾತು. ಹೆಣ್ಣುಪಾತ್ರಕ್ಕೆ ಹೆಣ್ಣೇ ನಿಲ್ಲುವುದೂ ಇಲ್ಲಿನ ವಿಶೇಷ. ಕೌಜಲಗಿ ನಿಂಗಮ್ಮ ಈ ಆಟವನ್ನು ಊರೂರಿಗೆ ಒಯ್ದು ಮನೆಮಾತಾದರು.

ಮುಂದೆ ಧಾರವಾಡದ ಬಸವಲಿಂಗಯ್ಯ ಹಿರೇಮಠ ಅದನ್ನು ಕಿರಿದುಗೊಳಿಸಿ ಪಟ್ಟಣದ ಸಭಾಂಗಣಗಳಿಗೆ ತಂದರು. ರಾತ್ರಿಯ ಹಿಗ್ಗು ಕೊಂಚ ಕಳೆದುಹೋಯಿತು, ನಿಜ. ಹೊಸ ಕಿವಿಗಳು ಸಿಕ್ಕವು.

ಸಿನಿಮಾ ಮಾತ್ರ ಬೇರೊಂದು ಜನಪದದ ದಾರಿ ಹಿಡಿಯಿತು. 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಭಕ್ತರು ಹಾಡುವ ‘ಸೋಜುಗಾದ ಸೂಜುಮಲ್ಲಿಗೆ’ ಹೊಸ ವಾದ್ಯಗಳೊಂದಿಗೆ ಕೇಳಿಸಿ ಯುವಜನರ ಮೊಬೈಲು ಸೇರಿತು. ಸತ್ಯಭಾಮೆಯ ಮುನಿಸಿಗೆ ಅಂಥ ಸಂಗೀತ ನಿರ್ದೇಶಕ ಇನ್ನೂ ಸಿಗಬೇಕಿದೆ.