ಆಸ್ಪತ್ರೆ ಗುಡಿಸುವ ಕೈಗಳಿಗೂ ರಕ್ಷಣೆ ಬೇಕು

ಬೆಳಗಿನ ಬಸ್ಸುಗಳಲ್ಲಿ ಕಾಪು, ಕಾರ್ಕಳ ಕಡೆಯಿಂದ ಉಡುಪಿ, ಮಣಿಪಾಲಕ್ಕೆ ಹೋಗುವ ಮಹಿಳೆಯರಲ್ಲಿ ಆಸ್ಪತ್ರೆಯ ಆಯಾಗಳೂ ಶುಚಿತ್ವದ ಕೆಲಸದವರೂ ಇರುತ್ತಾರೆ. 1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದ ಬಳಿಕ ನಮ್ಮ ಊರುಗಳಿಗೆ ಆಸ್ಪತ್ರೆಯೆಂದರೆ ಚಿಕಿತ್ಸೆಯ ಜಾಗ ಮಾತ್ರವಲ್ಲ, ಅನ್ನದ ದಾರಿಯೂ ಹೌದು. ವೈದ್ಯರ, ದಾದಿಯರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಅವರು ಬಳಸಿ ಬಿಟ್ಟ ಸೂಜಿ, ರಕ್ತ ಮೆತ್ತಿದ ಹತ್ತಿ, ಔಷಧದ ಉಳಿಕೆಗಳನ್ನು ಎತ್ತುವ ಕೈ ಯಾರದು?

ಕಾನೂನು ಆ ಕೈಯನ್ನು ಮರೆತಿಲ್ಲ. ವೈದ್ಯಕೀಯ ತ್ಯಾಜ್ಯದ ಕುರಿತ ನಿಯಮ ಮೊದಲು ಬಂದದ್ದು 1998ರಲ್ಲಿ. 2016ರ ನಿಯಮದಂತೆ ಈ ತ್ಯಾಜ್ಯವನ್ನು ಮುಟ್ಟುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ, ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಆರೋಗ್ಯ ತಪಾಸಣೆ ಮಾಡಿಸಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕು. ಇದು ಆಸ್ಪತ್ರೆ ಮಾಡುವ ಉಪಕಾರವಲ್ಲ, ಕೆಲಸಗಾರ್ತಿಯ ಹಕ್ಕು. ಗುತ್ತಿಗೆಯವರೆಂದು ಹೇಳಿ ಜಾರಿಕೊಳ್ಳುವಂತಿಲ್ಲ.

ತರಬೇತಿಯೆಂದರೆ ಇಂಗ್ಲಿಷಿನ ಪೋಸ್ಟರ್ ಅಂಟಿಸಿ ಪುಸ್ತಕದಲ್ಲಿ ಸಹಿ ಹಾಕಿಸುವುದಲ್ಲ. ಪಾಠ ಹೇಳುವ ಕೆಲಸ ನನ್ನದು. ಗೋಡೆ ನೋಡಿ ಕಲಿತವರನ್ನು ನಾನು ಕಂಡಿಲ್ಲ. ತುಳು, ಬ್ಯಾರಿ ಮಾತಾಡುವವಳಿಗೆ ಆ ಮಾತಿನಲ್ಲೇ, ಚೀಲ ಕೈಗೆ ಕೊಟ್ಟು ತೋರಿಸಬೇಕು: ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿಗೆ, ಕೊಳವೆ, ಕೈಗವಸಿನಂಥ ಪ್ಲಾಸ್ಟಿಕ್ ಕೆಂಪಿಗೆ, ಗಾಜು ನೀಲಿಗೆ, ಸೂಜಿ ಮಾತ್ರ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ.

ಈ ಸೂಜಿಯೇ ದೊಡ್ಡ ಶತ್ರು. ಮಸೀದಿಯಲ್ಲಿ, ಪೇಟೆಯಲ್ಲಿ ಬಾಣ ಹಿಡಿದು ನಡೆಯುವವರು ಯಾರಿಗೂ ಗಾಯವಾಗದಂತೆ ಅದರ ಮೊನೆಯನ್ನು ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದರು. ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆಯುವವರು ಈ ಹದೀಸನ್ನು ನೆನಪಿಸಿಕೊಳ್ಳಲಿ. ಹೆಪಟೈಟಿಸ್ ಬಿ ರೋಗಿಯ ಸೂಜಿ ಚುಚ್ಚಿದರೆ, ಲಸಿಕೆ ಪಡೆಯದ ನೂರು ಮಂದಿಯಲ್ಲಿ 6ರಿಂದ 30 ಮಂದಿಗೆ ಸೋಂಕು ತಗಲಬಹುದು. ಎಚ್‌ಐವಿಯಾದರೆ ಸಾವಿರಕ್ಕೆ ಸುಮಾರು 3. ಚುಚ್ಚಿದ ಜಾಗವನ್ನು ಹಿಂಡಬಾರದು, ಬಾಯಿಗಿಡಬಾರದು. ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. 72 ಗಂಟೆ ಮೀರಬಾರದು. ಬೈಗುಳದ ಭಯಕ್ಕೆ ಅಡಗಿಸಿಟ್ಟರೆ ಆ ಗಂಟೆಗಳು ಕೈ ತಪ್ಪುತ್ತವೆ. ಅಡಗಿಸುವಂತೆ ಮಾಡುವ ಮೇಲ್ವಿಚಾರಕರದ್ದೂ ಇದರಲ್ಲಿ ಪಾಲಿದೆ.

ಇನ್ನು ರಾಸಾಯನಿಕಗಳು. ಹಳೆಯ ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಪೊರಕೆ ಹಿಡಿಯಬಾರದು. ಮಣಿಗಳು ಒಡೆದು ಹರಡುತ್ತವೆ, ಕಾಣದ ಆವಿ ಉಸಿರಿಗೆ ಸೇರುತ್ತದೆ. ಪಾದರಸ ಚಿನ್ನವನ್ನು ಹಿಡಿಯುತ್ತದೆ, ಆದ್ದರಿಂದ ಮೊದಲು ಬಳೆ ಉಂಗುರ ತೆಗೆಯಿರಿ. ಕಿಟಕಿ ತೆರೆದು, ಕೈಗವಸು ಹಾಕಿ, ದಪ್ಪ ಕಾಗದದಿಂದ ಕೂಡಿಸಿ ನೀರಿರುವ ಬಾಟಲಿಗೆ ಹಾಕಿ ಮುಚ್ಚಬೇಕು. ಕ್ಯಾನ್ಸರ್ ಔಷಧದ ಉಳಿಕೆ ಎತ್ತಲು ಗರ್ಭಿಣಿಯರನ್ನು ಹಚ್ಚಲೇಬಾರದು. ಬ್ಲೀಚಿಂಗ್ ದ್ರಾವಣಕ್ಕೆ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಇದು ನಿಮ್ಮ ಮನೆಯ ಬಚ್ಚಲಿಗೂ ಅನ್ವಯ, ಸಹೋದರಿಯರೇ.

ಮನೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸಕ್ಕರೆ ಕಾಯಿಲೆಯವರು ಇರುವ ನಮ್ಮ ಅದೆಷ್ಟೋ ಮನೆಗಳಲ್ಲಿ ಇನ್ಸುಲಿನ್ ಸೂಜಿ ಹಾಲಿನ ತೊಟ್ಟೆಯ ಜೊತೆ ಒಣಕಸಕ್ಕೆ ಹೋಗುತ್ತಿದೆ. ನಿಟ್ಟೆಯಂಥ ಕಡೆ ಒಣಕಸ ವಿಂಗಡಿಸುವ ಘಟಕಗಳಲ್ಲಿ ಅದನ್ನು ಬಿಡಿಸಿ ಆರಿಸುವುದೂ ಮನುಷ್ಯರ ಕೈಗಳೇ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳ ಬಿಗಿದು, ಮೇಲೆ 'ಸೂಜಿ' ಎಂದು ಬರೆದು ಬೇರೆಯಾಗಿಯೇ ಕೊಡಿ.