ಹಗುರ ಮೈಯ ಮಹಾಮಲ್ಲ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಜಾತ್ರೆಗೂ ಕುಸ್ತಿಗೂ ಇರುವ ನಂಟು ಬಹು ಹಳೆಯದು. ನಮ್ಮ ಕರೋಶಿಯ ಸುತ್ತಿನ ಹಳ್ಳಿಗಳಲ್ಲಿಯೂ ಕುಸ್ತಿಯ ಕಣದ ಕ್ರಮವನ್ನು ಬಲ್ಲದವರಿಲ್ಲ. ಮೊದಲು ಎಳೆಯ ಹುಡುಗರ ಜೋಡಿಗಳು, ಅನಂತರ ಹಗುರ ಮೈಯ ತರುಣರು, ಕಟ್ಟಕಡೆಗೆ ಹೆಸರಾಂತ ಪೈಲ್ವಾನರ ನಿಕಾಲಿ ಕುಸ್ತಿ. ಬಹುಮಾನದ ಮೊತ್ತವೂ ಜನಸಂದಣಿಯೂ ಇದೇ ಕ್ರಮದಲ್ಲಿ ಏರುತ್ತ ಹೋಗುತ್ತವೆ. ಚಿಕ್ಕ ಮೈಯವರು ಕಾದುತ್ತಿರುವಾಗ ಹಿರಿಯರಲ್ಲಿ ಹಲವರು ಚಹದ ಅಂಗಡಿಯ ಮುಂದೆಯೇ ಇರುತ್ತಾರೆ.

ದೊಡ್ಡ ಮೈಯಲ್ಲಿ ದೊಡ್ಡ ಬಲ, ದೊಡ್ಡ ಬಲವಿದ್ದಲ್ಲಿ ದೊಡ್ಡ ಕುಸ್ತಿ ಎಂಬ ನಂಬಿಕೆಯೇ ಈ ಕ್ರಮಕ್ಕೆ ಕಾರಣ. ಭೌತಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಿದರೆ ಈ ನಂಬಿಕೆಯಲ್ಲಿ ಅರ್ಧದಷ್ಟೇ ಸತ್ಯವಿರುವುದು ಕಂಡುಬರುತ್ತದೆ. ಉಳಿದರ್ಧ ಸತ್ಯವನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಒಬ್ಬರು ನಮಗೆ ತೀರ ಸಮೀಪದವರು. ಕರೋಶಿಯಿಂದ ನಿಪ್ಪಾಣಿಯ ಮೇಲೆ ಹಾದು ಹೋದರೆ ಕೊಲ್ಲಾಪುರ ಒಂದು ಹಗಲಿನ ಹಾದಿಯೂ ಅಲ್ಲ. ಅಲ್ಲಿಯ ತಾಲೀಮುಗಳಲ್ಲಿ ಪಳಗಿದ ಖಾಶಾಬಾ ದಾದಾಸಾಹೇಬ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 57 ಕಿಲೋಗ್ರಾಂ ತೂಕದ ವರ್ಗದಲ್ಲಿ ಕಂಚಿನ ಪದಕವನ್ನು ಗಳಿಸಿದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಸ್ಪರ್ಧಾಳು ತಂದುಕೊಟ್ಟ ಮೊದಲನೆಯ ಒಲಿಂಪಿಕ್ ಪದಕ ಅದು. ಅಂತಹ ಎರಡನೆಯ ಪದಕಕ್ಕಾಗಿ ದೇಶವು 1996ರ ವರೆಗೆ, ಅಂದರೆ 44 ವರ್ಷ, ಕಾಯಬೇಕಾಯಿತು.

ಬೆಲ್ಲದ ಅಚ್ಚಿನ ಗಣಿತ

ದೇಹದ ಗಾತ್ರಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಮೊದಲು ವಿಚಾರಿಸೋಣ. ಒಂದು ಅಂಗುಲ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಬೆಲ್ಲದ ಅಚ್ಚೊಂದನ್ನು ಕಲ್ಪಿಸಿಕೊಳ್ಳಿರಿ. ಅದರ ಪಕ್ಕದಲ್ಲಿ ಎರಡು ಅಂಗುಲದ ಇನ್ನೊಂದು ಅಚ್ಚನ್ನು ಇಡಿರಿ. ದೊಡ್ಡ ಅಚ್ಚಿನ ಒಂದು ಮುಖದ ಕ್ಷೇತ್ರಫಲವು ಚಿಕ್ಕದರ ನಾಲ್ಕು ಪಟ್ಟು. ಆದರೆ ತೂಕ ಎಂಟು ಪಟ್ಟು. ಕ್ಷೇತ್ರಫಲವು ಉದ್ದದ ವರ್ಗವನ್ನೂ, ತೂಕವು ಉದ್ದದ ಘನವನ್ನೂ ಅನುಸರಿಸಿ ಬೆಳೆಯುತ್ತದೆ.

ಈಗ ಬಾವಿಯ ಹಗ್ಗವನ್ನು ನೆನೆಯಿರಿ. ಅದು ಎಷ್ಟು ಭಾರ ತಡೆಯುತ್ತದೆಂಬುದನ್ನು ಅದರ ಉದ್ದವಲ್ಲ, ದಪ್ಪವೇ ನಿರ್ಧರಿಸುತ್ತದೆ. ನಮ್ಮ ಸ್ನಾಯುಗಳೂ ಹಾಗೆಯೇ. ಸ್ನಾಯುವಿನ ಎಳೆತದ ಬಲವು ಅದರ ಅಡ್ಡಕೊಯ್ತದ ಕ್ಷೇತ್ರಫಲವನ್ನು ಅವಲಂಬಿಸಿದೆ. ಆದುದರಿಂದ ಒಂದೇ ಮಾದರಿಯ ಮೈಕಟ್ಟಿನ ಇಬ್ಬರಲ್ಲಿ ಒಬ್ಬನು ನೂರಕ್ಕೆ ಹತ್ತರಷ್ಟು ಹೆಚ್ಚು ಎತ್ತರವಿದ್ದರೆ ಅವನ ಬಲವು ನೂರಕ್ಕೆ 21ರಷ್ಟು ಹೆಚ್ಚುತ್ತದೆ, ತೂಕವು ನೂರಕ್ಕೆ 33ರಷ್ಟು ಹೆಚ್ಚುತ್ತದೆ. ಗಳಿಕೆಗಿಂತ ಹೊರೆಯೇ ಮಿಗಿಲು! ದೇಹ ದೊಡ್ಡದಾದಂತೆ ಮನುಷ್ಯನು ಒಟ್ಟಿನಲ್ಲಿ ಬಲಗೊಂಡರೂ, ತನ್ನ ಸ್ವಂತ ತೂಕದ ಲೆಕ್ಕದಲ್ಲಿ ದುರ್ಬಲನಾಗುತ್ತಾನೆ. ಈ ತತ್ತ್ವವನ್ನು ಗೆಲಿಲಿಯೊ 1638ರಲ್ಲಿಯೇ ತನ್ನ ಗ್ರಂಥದಲ್ಲಿ ವಿವರಿಸಿದ್ದನು. 1956ರಲ್ಲಿ ಅಮೆರಿಕದ ಲೀಟ್ಸ್‌ಕೆ ಎಂಬ ವಿಜ್ಞಾನಿಯು ಅಂದಿನ ಭಾರ ಎತ್ತುವ ದಾಖಲೆಗಳನ್ನು ಪರಿಶೀಲಿಸಿ, ಅವು ದೇಹತೂಕದ ಮೂರನೆಯ ಎರಡಂಶದ ಘಾತವನ್ನು ಬಹುಮಟ್ಟಿಗೆ ಅನುಸರಿಸುತ್ತವೆಂದು ತೋರಿಸಿದನು.

ಅಂಕಿಗಳೇ ಸಾಕ್ಷಿ ನುಡಿಯಲಿ. 1988ರ ಸೋಲ್ ಒಲಿಂಪಿಕ್ಸಿನಲ್ಲಿ 60 ಕಿಲೋಗ್ರಾಂ ವರ್ಗದ ತುರ್ಕಿಯ ನಯಿಮ್ ಸುಲೈಮಾನೊಗ್ಲು 190 ಕಿಲೋಗ್ರಾಂ ಭಾರವನ್ನು ತಲೆಯ ಮೇಲೆ ಎತ್ತಿದರು. ಅದು ತಮ್ಮ ತೂಕದ ಮೂರು ಪಟ್ಟಿಗೂ ಹೆಚ್ಚು. 2021ರಲ್ಲಿ ಜಾರ್ಜಿಯದ ಲಾಶಾ ತಲಖಾದ್ಜೆ 267 ಕಿಲೋಗ್ರಾಂ ಎತ್ತಿ ವಿಶ್ವದಾಖಲೆ ಸ್ಥಾಪಿಸಿದರು. ಆದರೆ ಅವರ ಸ್ವಂತ ತೂಕವೇ 170 ಕಿಲೋಗ್ರಾಮನ್ನು ಮೀರಿದ್ದಿತು; ಎತ್ತಿದ ಭಾರ ಅದರ ಒಂದೂವರೆ ಪಟ್ಟಿನ ಆಸುಪಾಸು. ನಮ್ಮ ಕುಂದಾಪುರ ತಾಲೂಕಿನ ಗುರುರಾಜ ಪೂಜಾರಿಯವರು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 61 ಕಿಲೋಗ್ರಾಂ ವರ್ಗದಲ್ಲಿ 151 ಕಿಲೋಗ್ರಾಂ ಎತ್ತಿ ಕಂಚು ಪಡೆದರು. ಸ್ವಂತ ತೂಕದ ಲೆಕ್ಕಕ್ಕೆ ಬಂದರೆ ಕನ್ನಡ ಕರಾವಳಿಯ ಈ ತರುಣರು ಆ ಮಹಾಕಾಯನನ್ನು ಹಿಂದೆ ಹಾಕಿದ್ದಾರೆ.

ಲಾಘವದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಕೈಯನ್ನಾಗಲಿ ಕಾಲನ್ನಾಗಲಿ ತಿರುಗಿಸಲು ಅದರ ಭ್ರಮಣ ಜಡತ್ವವನ್ನು ಮೀರಬೇಕು. ಒಂದೇ ಮಾದರಿಯ ಅಂಗಗಳಲ್ಲಿ ಈ ಜಡತ್ವವು ಉದ್ದದ ಐದನೆಯ ಘಾತದಂತೆ ಏರುತ್ತದೆ. ತಿರುಗಿಸುವ ಬಲದ ಪರಿಣಾಮವಾದರೋ ಮೂರನೆಯ ಘಾತದಂತೆ ಮಾತ್ರ. ಹತ್ತು ಪ್ರತಿಶತ ಉದ್ದವಾದ ಕೈಗೆ ಜಡತ್ವ 61 ಪ್ರತಿಶತ ಹೆಚ್ಚು, ತಿರುಗಿಸುವ ಸಾಮರ್ಥ್ಯ 33 ಪ್ರತಿಶತ ಹೆಚ್ಚು. ಹಗುರ ಮೈಯ ಮಲ್ಲನು ಕಣ್ಣು ಮಿಟುಕಿಸುವುದರೊಳಗೆ ಪಟ್ಟು ಬದಲಿಸುವುದರ ಗುಟ್ಟು ಇಲ್ಲಿದೆ.

ತೂಕದ ವರ್ಗಗಳೇಕೆ?

ಹೀಗಿರಲು ಚಿಕ್ಕವನನ್ನೂ ದೊಡ್ಡವನನ್ನೂ ಒಂದೇ ಕಣದಲ್ಲಿ ಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಕುಸ್ತಿಯಲ್ಲಿ ಅಲುಗಿಸಬೇಕಾದ ಭಾರವು ಎದುರಾಳಿಯ ಮೈ. ಅದರ ಜಡತ್ವವು ತೂಕಕ್ಕೆ ಸಮಪ್ರಮಾಣದಲ್ಲಿರುತ್ತದೆ. ಅಂಗಾಲಿಗೂ ನೆಲಕ್ಕೂ ನಡುವಿನ ಘರ್ಷಣೆಯೂ ತೂಕದೊಂದಿಗೇ ಹೆಚ್ಚುತ್ತದೆ. ಎರಡರಷ್ಟು ಭಾರದವನು ನೆಲವನ್ನು ಎರಡರಷ್ಟು ಗಟ್ಟಿಯಾಗಿ ಹಿಡಿದಿರುತ್ತಾನೆ. ಅಂತಹ ಜೋಡಿಯಲ್ಲಿ ವಿದ್ಯೆಯ ಪರೀಕ್ಷೆ ನಡೆಯುವುದೇ ಇಲ್ಲ. ತೂಕವೊಂದೇ ತೀರ್ಪು ಕೊಡುತ್ತದೆ.

ಆದುದರಿಂದಲೇ 1952ರ ಒಲಿಂಪಿಕ್ಸಿನಲ್ಲಿ ಕುಸ್ತಿಗೆ ಎಂಟು ವರ್ಗಗಳಿದ್ದವು. ಎಲ್ಲಕ್ಕಿಂತ ಹಗುರಾದ 52 ಕಿಲೋಗ್ರಾಮಿನದಕ್ಕೆ ನೊಣದ ಹೆಸರು. 57ರದಕ್ಕೆ ಬ್ಯಾಂಟಮ್ ಎಂಬ ಗಿಡ್ಡ ಜಾತಿಯ ಜಗಳಗಂಟ ಹುಂಜದ ಹೆಸರು. ಈ ಹೆಸರುಗಳಲ್ಲಿ ತುಸು ಹಾಸ್ಯವಿದೆ. ಆದರೆ ಏರ್ಪಾಡಿನ ಉದ್ದೇಶ ಗಂಭೀರವಾದುದು. ಪ್ರಯೋಗಶಾಲೆಯಲ್ಲಿ ಒಂದು ಗುಣದ ಪ್ರಭಾವವನ್ನು ಅಳೆಯಬೇಕಾದರೆ ಮಿಕ್ಕ ಗುಣಗಳನ್ನು ಸ್ಥಿರವಾಗಿರಿಸುತ್ತೇವಷ್ಟೆ. ತೂಕವನ್ನು ಸ್ಥಿರಗೊಳಿಸಿದಾಗ ಉಳಿಯುವುದು ಅಭ್ಯಾಸ, ಸಮಯಸ್ಫೂರ್ತಿ, ಎದೆಗಾರಿಕೆ. ಹಗುರ ವರ್ಗದ ಗೆಲುವು ಈ ಮೂರರ ಗೆಲುವು.

ಗೋಳೇಶ್ವರದಿಂದ ಹೆಲ್ಸಿಂಕಿಗೆ

ಜಾಧವರು 1926ರ ಜನವರಿ 15ರಂದು ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರದಲ್ಲಿ ಹುಟ್ಟಿದರು. ತಂದೆಯವರೇ ಪೈಲ್ವಾನರು, ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯರು. ಮುಂದೆ ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾದರು. ಶಾಹೂ ಮಹಾರಾಜರ ಕಾಲದಿಂದಲೂ ಕೊಲ್ಲಾಪುರವು ಕುಸ್ತಿಯ ಕಾಶಿ. ಅವರು ಕಟ್ಟಿಸಿದ ಖಾಸಬಾಗ ಮೈದಾನದ ಮಣ್ಣಿಗೆ ಇಳಿಯಬೇಕೆಂಬುದು ಗಡಿಯ ಈಚೆಯ ನಮ್ಮ ಹುಡುಗರ ಕನಸೂ ಹೌದು.

ಜಾಧವರಿಗೆ ಹೆಸರು ತಂದ ಪಟ್ಟಿಗೆ ಢಾಕ್ ಎಂದು ಹೆಸರು. ಎದುರಾಳಿಯ ಕತ್ತನ್ನು ತೋಳಿನಲ್ಲಿ ಬಂಧಿಸಿ, ಮೈಯನ್ನು ತಿರುವಿ ಅವನನ್ನು ನೆಲಕ್ಕೆ ಒಗೆಯುವ ಈ ಪಟ್ಟಿನಲ್ಲಿ ಯಂತ್ರಶಾಸ್ತ್ರದ ಎರಡು ಪಾಠಗಳಿವೆ. ನಿಂತ ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಅದರ ಪಾದದ ಆವರಣದೊಳಗೆ ಇರುವ ತನಕ ವಸ್ತು ಬೀಳದು. ರೇಖೆ ಹೊರಗೆ ಹೋಯಿತೆಂದರೆ ಬೀಳದೆ ಇರದು. ಮನುಷ್ಯನ ಗುರುತ್ವಕೇಂದ್ರವಿರುವುದು ಹೊಕ್ಕುಳಿನ ಸಮೀಪ. ಕತ್ತು ಅದರಿಂದ ಬಹಳ ಮೇಲಿದೆ. ಬಾಗಿಲನ್ನು ಕೀಲಿನಿಂದ ದೂರದಲ್ಲಿ ತಳ್ಳಿದರೆ ಹೇಗೆ ಸುಲಭವಾಗಿ ತಿರುಗುವುದೋ ಹಾಗೆ, ಕತ್ತಿಗೆ ಕೊಟ್ಟ ಸ್ವಲ್ಪವೇ ಎಳೆತವು ಇಡೀ ಮೈಯನ್ನು ವಾಲಿಸುತ್ತದೆ. ಇದು ಮೊದಲನೆಯ ಪಾಠ. ಪಟ್ಟು ಹಾಕುವವನು ತನ್ನ ಸೊಂಟವನ್ನು ಎದುರಾಳಿಯ ಸೊಂಟದ ಕೆಳಗೆ ತೂರಿಸಿದರೆ ಅದೇ ಸನ್ನೆಗೋಲಿನ ಆಧಾರಬಿಂದುವಾಗುತ್ತದೆ. ಇದು ಎರಡನೆಯದು. ಆದರೆ ಎದುರಾಳಿಯೇನು ಕಲ್ಲಿನ ಕಂಬವಲ್ಲ. ಅವನೂ ಕ್ಷಣಕ್ಷಣಕ್ಕೆ ಕಾಲು ಬದಲಿಸುತ್ತಾನೆ. ಅವನ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಜಾರುವ ಆ ಅರೆಕ್ಷಣವನ್ನು ಹಿಡಿಯಬಲ್ಲವನಿಗೆ ಮಾತ್ರ ಢಾಕ್ ಒಲಿಯುತ್ತದೆ. ಸೂತ್ರವನ್ನು ಪುಸ್ತಕದಿಂದ ಕಲಿಯಬಹುದು. ಆ ಅರೆಕ್ಷಣವನ್ನು ಸಾವಿರಾರು ಸಂಜೆಗಳ ಸಾಮಿನಿಂದಲೇ ಸಂಪಾದಿಸಬೇಕು.

1948ರಲ್ಲಿ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಜಾಧವರು ಲಂಡನ್ ಒಲಿಂಪಿಕ್ಸಿಗೆ ಹೋದರು. ಮಣ್ಣಿನ ಕಣದಲ್ಲಿ ಬೆಳೆದವರಿಗೆ ಅಲ್ಲಿಯ ಮೆತ್ತೆಯೂ ಹೊಸದು, ನಿಯಮಗಳೂ ಹೊಸವು. ಆದರೂ ಅತಿ ಹಗುರಾದ ವರ್ಗದಲ್ಲಿ ಆರನೆಯ ಸ್ಥಾನ ಗಳಿಸಿದರು. ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಊರವರು ಚಂದಾ ಕೂಡಿಸಿದರು. ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೀಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿಕೊಟ್ಟರು. ಶಿಷ್ಯನ ಗೆಲುವಿನ ಮೇಲೆ ಗುರುವೊಬ್ಬನು ಸೂರನ್ನೇ ಪಣವಾಗಿಟ್ಟ ಈ ಸಂಗತಿಯನ್ನು ಅಧ್ಯಾಪಕನಾದವನು ಎದೆ ತುಂಬಿಕೊಳ್ಳದೆ ಬರೆಯಲಾರ.

ಹೆಲ್ಸಿಂಕಿಯಲ್ಲಿ ಜಾಧವರು ಕೆನಡಾದ ಪೊಲಿಕಾಂ, ಮೆಕ್ಸಿಕೋದ ಬಸುರ್ತೋ ಇವರನ್ನು ಸೋಲಿಸಿದರು. ಮುಂದೆ ಜಪಾನಿನ ಶೋಹಾಚಿ ಇಶಿಯವರೊಡನೆ ಬಹಳ ಹೊತ್ತು ಕಾದಿ ಸೋತರು. ಇಶಿಯವರೇ ಆ ವರ್ಗದ ಚಿನ್ನ ಗೆದ್ದರು; ಆ ಕ್ರೀಡೆಗಳಲ್ಲಿ ಜಪಾನಿಗೆ ದೊರೆತ ಚಿನ್ನ ಅದೊಂದೇ. ಅನಂತರದ ಎದುರಾಳಿ ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೊವ್. ಎರಡು ಕುಸ್ತಿಗಳ ನಡುವೆ ಸಲ್ಲಬೇಕಾಗಿದ್ದ ಅರ್ಧ ಗಂಟೆಯ ವಿಶ್ರಾಂತಿ ಜಾಧವರಿಗೆ ಸಿಗಲಿಲ್ಲವೆಂದೂ, ಅದಕ್ಕಾಗಿ ವಾದಿಸಲು ಭಾರತದ ಅಧಿಕಾರಿಗಳಾರೂ ಅಲ್ಲಿರಲಿಲ್ಲವೆಂದೂ ಅವರ ಜೀವನವನ್ನು ಬರೆದವರು ಹೇಳುತ್ತಾರೆ. ಅರ್ಧ ಗಂಟೆ ಅಲ್ಪವೆಂದು ತೋರಬಹುದು. ಆದರೆ ಬಿರುಸಿನ ಸೆಣಸಾಟದಲ್ಲಿ ರಕ್ತಕ್ಕೆ ಸೇರಿದ ಲ್ಯಾಕ್ಟೇಟು ಮೊದಲಿನ ಮಟ್ಟಕ್ಕೆ ಇಳಿಯಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ದಣಿದ ಮೈಯಲ್ಲಿಯೇ ಕಣಕ್ಕಿಳಿದ ಜಾಧವರು ಸೋತರು. ಮಮ್ಮದ್‌ಬೆಯೊವ್ ಬೆಳ್ಳಿಯನ್ನೂ ಜಾಧವರು ಕಂಚನ್ನೂ ಪಡೆದರು.

ಮೆಕ್ಸಿಕೋದ ಮುಷ್ಟಿ

ಜಾಧವರಿಗೆ ಸೋತ ಬಸುರ್ತೋ ಹುಟ್ಟಿದ ಮೆಕ್ಸಿಕೋ ದೇಶವು ಹಗುರ ಮೈಯ ವೀರರನ್ನು ಗೌರವಿಸುವ ಬಗೆಯನ್ನು ನಾವು ನೋಡಿ ಕಲಿಯಬೇಕು. ಅಲ್ಲಿಯ ಜನರ ಮುಖ್ಯ ಕ್ರೀಡೆಗಳಲ್ಲಿ ಮುಷ್ಟಿಯುದ್ಧವೂ ಒಂದು. ಅವರು ತಲೆಯ ಮೇಲೆ ಹೊತ್ತು ಮೆರೆಸಿದ ಮುಷ್ಟಿಮಲ್ಲರಲ್ಲಿ ಬಹುಮಂದಿ ಹಗುರ ವರ್ಗಗಳವರು. 1966ರಲ್ಲಿ ಹುಟ್ಟಿದ ರಿಕಾರ್ಡೊ ಲೋಪೆಸ್ ಅವರನ್ನೇ ನೋಡಿರಿ. ಮುಷ್ಟಿಯುದ್ಧದ ಅತಿ ಹಗುರಾದ ವರ್ಗದ ಮಿತಿ 47.6 ಕಿಲೋಗ್ರಾಂ. ನಮ್ಮ ಸಕ್ಕರೆ ಚೀಲವೊಂದರ ತೂಕವೂ ಅದಲ್ಲ! 1990ರಲ್ಲಿ ಟೋಕಿಯೋದಲ್ಲಿ ಆ ವರ್ಗದ ವಿಶ್ವವಿಜೇತರಾದ ಲೋಪೆಸ್, ಬಿರುದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಉಳಿಸಿಕೊಂಡರು. ವೃತ್ತಿಜೀವನದ 52 ಕಾಳಗಗಳಲ್ಲಿ 51 ಗೆಲುವು, ಒಂದು ಸಮ, ಸೋಲೆಂಬುದಿಲ್ಲ. ಆ ಗೆಲುವುಗಳಲ್ಲಿ 38, ಎದುರಾಳಿ ಮುಂದುವರಿಯಲಾರದಂತಾಗಿ ಬಂದವು.

ಇಷ್ಟು ಹಗುರ ಮೈಯಿಂದ ಅಷ್ಟು ಪೆಟ್ಟು ಹೇಗೆ ಬಂದೀತು? ಗುದ್ದು ಮುಷ್ಟಿಯಲ್ಲಿ ಹುಟ್ಟುವುದಿಲ್ಲ. ಹಿಂಗಾಲು ನೆಲವನ್ನು ಒತ್ತುತ್ತದೆ, ನೆಲ ಅಷ್ಟೇ ಬಲದಿಂದ ಮರುಒತ್ತುತ್ತದೆ. ಆ ಬಲ ಸೊಂಟದ ತಿರುವಿಗೂ ಹೆಗಲಿಗೂ ಕೊನೆಗೆ ಮುಷ್ಟಿಗೂ ಸರಪಳಿಯಂತೆ ಸಾಗುತ್ತದೆ. ಒಂದೊಂದು ಕೊಂಡಿಯೂ ತನ್ನ ಸಮಯಕ್ಕೆ ಸರಿಯಾಗಿ ಕೂಡಿಕೊಂಡರೆ ಇಡೀ ಮೈಯ ಸಂವೇಗವು ಮುಷ್ಟಿಯ ಹಿಂದೆ ನಿಲ್ಲುತ್ತದೆ. ಒಂದು ಕೊಂಡಿ ತಪ್ಪಿದರೆ ಕೈಯೊಂದರದೇ ಬಡಿತ. ಲೋಪೆಸ್ ಅವರ ಮುಷ್ಟಿಯಲ್ಲಿಯೂ ಜಾಧವರ ಢಾಕಿನಲ್ಲಿಯೂ ದುಡಿದದ್ದು ಇದೇ ಕಾಲಜ್ಞಾನ.

ಒಂದು ತಕ್ಕಡಿಯ ಬೇಡಿಕೆ

ಪದಕದೊಡನೆ ಮರಳಿದ ಜಾಧವರನ್ನು ಊರವರು ನೂರಕ್ಕೂ ಮಿಕ್ಕ ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಅವರು ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುವಿನ ಸಾಲ ತೀರಿಸಿದರು. 1955ರಲ್ಲಿ ಪೊಲೀಸ್ ಇಲಾಖೆ ಸೇರಿ ದುಡಿದರು. 1984ರ ಆಗಸ್ಟ್ 14ರಂದು ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದುದು ಮರಣದ ಅನಂತರ. ದಿಲ್ಲಿಯ ಕುಸ್ತಿ ಮಂದಿರಕ್ಕೆ ಅವರ ಹೆಸರಿಟ್ಟುದು 2010ರಲ್ಲಿ. ಇಷ್ಟು ದೊಡ್ಡ ಮಲ್ಲನನ್ನು ದೇಶವು ಇಷ್ಟು ಕಾಲ ಮರೆತುದಕ್ಕೆ ಚಿಕ್ಕ ಮೈಯನ್ನು ಚಿಕ್ಕದಾಗಿ ಕಾಣುವ ನಮ್ಮ ರೂಢಿಯೂ ಒಂದು ಕಾರಣವೆಂದು ನನ್ನ ಎಣಿಕೆ.

ಈ ರೂಢಿಯಿಂದ ಆಗುವ ಹಾನಿ ಮಾನಾಪಮಾನಗಳಿಗಷ್ಟೇ ಸೀಮಿತವಾಗಿಲ್ಲ. ಪೈಲ್ವಾನನೆನಿಸಿಕೊಳ್ಳಲು ಮೈ ಬೆಳೆಸಲೇಬೇಕೆಂದು ತಿಳಿದ ಹುಡುಗನು ಮೂಳೆ ಹೊರಲಾರದಷ್ಟು ಭಾರವನ್ನು ತುಂಬಿಕೊಳ್ಳುತ್ತಾನೆ. ಇನ್ನೊಬ್ಬನು ಕೆಳಗಿನ ವರ್ಗಕ್ಕೆ ಇಳಿಯಲೆಂದು ಅನ್ನ ನೀರು ಬಿಟ್ಟು ಬೆವರು ಹರಿಸುತ್ತಾನೆ. ಹೀಗೆ ಮೈಯ ನೀರನ್ನು ಇಂಗಿಸಿಕೊಳ್ಳಹೋಗಿ 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಪ್ರಾಣ ಕಳೆದುಕೊಂಡರು. ತನಗೆ ಸಹಜವಾದ ತೂಕದಲ್ಲಿ ವಿದ್ಯೆ ಬೆಳೆಸುವುದೇ ಸುರಕ್ಷಿತವಾದ ದಾರಿ.

ನಮ್ಮ ಕಣಗಳಲ್ಲಿ ಇಂದಿಗೂ ಎಷ್ಟೋ ಜೋಡಿಗಳನ್ನು ಕಣ್ಣಳತೆಯಿಂದಲೇ ಕಟ್ಟುತ್ತಾರೆ. ಕಣ್ಣು ಎತ್ತರವನ್ನು ಅಳೆದೀತು, ತೂಕವನ್ನು ಅಳೆಯಲಾರದು. ಎತ್ತರದಲ್ಲಿ ಹತ್ತು ಪ್ರತಿಶತದ ಅಂತರವು ತೂಕದಲ್ಲಿ ಮೂರನೆಯ ಒಂದರಷ್ಟಾಗುವುದನ್ನು ಮೇಲೆ ಕಂಡಿದ್ದೇವೆ. ಪ್ರತಿಯೊಂದು ತಾಲೀಮಿನಲ್ಲಿಯೂ, ಜಾತ್ರೆಯ ಕಣದ ಪಕ್ಕದಲ್ಲಿಯೂ ಒಂದು ತೂಕದ ಯಂತ್ರವಿರಲಿ. ಹಗುರ ಜೋಡಿಗಳಿಗೂ ಗೌರವದ ಬಹುಮಾನವಿರಲಿ. ಅದಕ್ಕೆ ಬೇಕಾದ ಹಣ ದೊಡ್ಡ ಕುಸ್ತಿಯೊಂದರ ಬಹುಮಾನದ ಕಿರಿಯ ಪಾಲು ಮಾತ್ರ.