ಅಗತ್ಯ ಊರಿನದೋ, ಬರುವವರದೋ?

ಕೆಲವು ವಾರಗಳ ಮಟ್ಟಿಗೆ ವಿದೇಶಕ್ಕೆ ಹೋಗಿ ಸೇವೆ ಮಾಡಿ ಬರುವವರ ಬಗ್ಗೆ ಚರ್ಚೆ ನಡೆದಾಗಲೆಲ್ಲ ಅವರ ಉದ್ದೇಶ ಶುದ್ಧವೋ ಬರೀ ತೋರಿಕೆಯೋ ಎಂದು ಅಳೆಯುತ್ತೇವೆ. ಉದ್ದೇಶ ಶುದ್ಧವಾಗಿದ್ದರೂ ಕೆಡುಕಾಗಬಹುದು. ನೋಡಬೇಕಾದದ್ದು ಆ ಕೆಲಸ ಊರಿನ ಅಗತ್ಯದಿಂದ ಹುಟ್ಟಿತೋ, ಬರುವವರ ಆಸೆಗಾಗಿ ಹುಟ್ಟಿಸಿದ್ದೋ ಎಂಬುದನ್ನು.

ಕೋಸ್ಟರಿಕಾದ ಕೆರಿಬಿಯನ್ ಕರಾವಳಿಯ ಟೋರ್ಟುಗೆರೊದಲ್ಲಿ ಮೊಟ್ಟೆಯಿಡಲು ಬರುವ ಹಸಿರು ಕಡಲಾಮೆಗಳಿಗೆ ಗುರುತುಪಟ್ಟಿ ಹಾಕುವ ಕೆಲಸವನ್ನು ಜೀವವಿಜ್ಞಾನಿ ಆರ್ಚಿ ಕಾರ್ 1950ರ ದಶಕದಲ್ಲಿ ಶುರುಮಾಡಿದರು. ಅದು ಇಂದಿಗೂ ನಡೆದಿದೆ. ಸ್ವಯಂಸೇವಕರು ರಾತ್ರಿ ಮರಳದಂಡೆಯಲ್ಲಿ ನಡೆದು ಚಿಪ್ಪಿನ ಅಳತೆ ತೆಗೆಯುತ್ತಾರೆ, ಪಟ್ಟಿಯ ಸಂಖ್ಯೆ ಬರೆದುಕೊಳ್ಳುತ್ತಾರೆ, ಗೂಡಿನ ಜಾಗ ಗುರುತಿಸುತ್ತಾರೆ. ವಿಧಾನ ಮೊದಲೇ ನಿಗದಿಯಾಗಿರುವುದರಿಂದ ಒಬ್ಬರು ಬಿಟ್ಟುಹೋದ ದಾಖಲೆಯನ್ನು ಇನ್ನೊಬ್ಬರು ಮುಂದುವರಿಸಬಹುದು. 1971ರಿಂದ 2003ರ ನಡುವೆ ಅಲ್ಲಿ ಗೂಡುಗಳು ಶೇ 417ರಷ್ಟು ಹೆಚ್ಚಿದವು ಎಂಬ ಅಂದಾಜು ಸಾಧ್ಯವಾದದ್ದು ಇಂಥ ದೀರ್ಘ ಎಣಿಕೆಯಿಂದ. ಆಮೆಗಳು ಉಳಿದದ್ದು ಸ್ವಯಂಸೇವಕರಿಂದ ಮಾತ್ರವಲ್ಲ; ಕಾನೂನು, ರಾಷ್ಟ್ರೀಯ ಉದ್ಯಾನ, ಮಾರ್ಗದರ್ಶಿಗಳಾಗಿ ದುಡಿಯುವ ಹಳ್ಳಿಯವರು ಎಲ್ಲರ ಪಾಲೂ ಅದರಲ್ಲಿದೆ. ಹೊರಗಿನವರು ಆ ದೊಡ್ಡ ಕೆಲಸಕ್ಕೆ ಕೈಜೋಡಿಸಿದವರು ಮಾತ್ರ. ಅವರ ನೆರವು ಸಾರ್ಥಕವಾದದ್ದೂ ಅದರಿಂದಲೇ.

ಕಾಂಬೋಡಿಯಾದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. 2005ರಿಂದ 2010ರ ನಡುವೆ ಅಲ್ಲಿನ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಆದರೆ ಅಲ್ಲಿದ್ದ ಪ್ರತಿ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ತಾಯಿಯೋ ತಂದೆಯೋ ಇದ್ದರು ಎಂಬುದನ್ನು ಯುನಿಸೆಫ್ ಬೆಳಕಿಗೆ ತಂದಿತು. ಬಡ ಹೆತ್ತವರು ಓದು, ಊಟ ಸಿಗಲೆಂದು ಮಕ್ಕಳನ್ನು ಕಳಿಸಿದ್ದರು. ವಿದೇಶಿ ದೇಣಿಗೆ ಮತ್ತು ಸ್ವಯಂಸೇವಕರ ಶುಲ್ಕ ಅಂಥ ಅನಾಥಾಲಯಗಳನ್ನು ಬೆಳೆಸಿದವು. ಎರಡು ವಾರ ಮುದ್ದಿಸಿ ಹೊರಟುಹೋಗುವವರಿಂದ ಮಗುವಿಗೆ ಉಳಿಯುವುದು ಮತ್ತೆ ಮತ್ತೆ ಅಗಲಿಕೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ತಡೆ ಕಾಯ್ದೆ ತಂದಾಗ ಅನಾಥಾಲಯಗಳಿಗಾಗಿ ನಡೆಯುವ ಮಕ್ಕಳ ಸಾಗಣೆಯನ್ನೂ ಗಂಭೀರವಾಗಿ ಪರಿಗಣಿಸಿತು.

ಏನೂ ಮಾಡದಿರುವುದಕ್ಕಿಂತ ಅಷ್ಟಾದರೂ ಮಾಡುವುದು ಲೇಸಲ್ಲವೇ, ಹಣವಾದರೂ ಬಡ ದೇಶಕ್ಕೆ ಸೇರುತ್ತದಲ್ಲ ಎನ್ನುವವರಿದ್ದಾರೆ. ಆದರೆ ಹಣ ಎಲ್ಲಿಗೆ ಹರಿಯುತ್ತದೋ ಅಲ್ಲಿ ಸಂಸ್ಥೆಗಳು ಹುಟ್ಟುತ್ತವೆ. ಅನಾಥಾಲಯಕ್ಕೆ ಹರಿದರೆ ಅನಾಥರನ್ನೇ ಹುಡುಕಿ ತರುತ್ತವೆ. ಹಾಗಾದರೆ ಪರಿಣತಿಯಿಲ್ಲದ ಯುವಜನರು ಮನೆಯಲ್ಲೇ ಕೂರಬೇಕೇ? ಬೇಡ. ಆಮೆ ಎಣಿಸಲು ಪದವಿ ಬೇಕಿಲ್ಲ. ತಾಳ್ಮೆ, ಶಿಸ್ತು, ಹೇಳಿದ್ದನ್ನು ಕೇಳುವ ಮನಸ್ಸಿದ್ದರೆ ಸಾಕು. ಪಾಠ, ಚಿಕಿತ್ಸೆ, ಮಕ್ಕಳ ಆರೈಕೆಗೆ ಅಷ್ಟು ಸಾಲದು. ಬ್ರಿಟನ್ನಿನ ವಿಎಸ್‌ಒ 1958ರಲ್ಲಿ ಶಾಲೆ ಮುಗಿಸಿದ ಹುಡುಗರನ್ನು ಸ್ವಯಂಸೇವಕರಾಗಿ ವಿದೇಶಕ್ಕೆ ಕಳಿಸುತ್ತ ಆರಂಭವಾದ ಸಂಸ್ಥೆ. ಮುಂದೆ ಅದು ನುರಿತ ವೃತ್ತಿಪರರ ಕಡೆಗೆ ಹೊರಳಿತು.

ಆದ್ದರಿಂದ ಹೊರಡುವ ಮುನ್ನ ಸಂಸ್ಥೆಯನ್ನು ಕೇಳಿ: ಈ ಕೆಲಸವನ್ನು ಬೇಕೆಂದವರು ಯಾರು? ಸಂಬಳ ಕೊಟ್ಟು ಊರಿನವರಿಂದಲೇ ಮಾಡಿಸಬಹುದಿತ್ತೇ? ನಾನು ಕಟ್ಟುವ ಶುಲ್ಕದಲ್ಲಿ ಊರಿಗೆ ಸೇರುವುದೆಷ್ಟು? ಅನಾಥಾಲಯದ ಕೆಲಸವಾದರೆ ಉತ್ತರ ಏನೇ ಬರಲಿ, ಹೋಗಬೇಡಿ; ಪ್ರಯಾಣದ ಹಣವನ್ನು ಮಕ್ಕಳು ತಮ್ಮ ಮನೆಯಲ್ಲೇ ಇದ್ದು ಓದಲು ನೆರವಾಗುವವರಿಗೆ ಕೊಡಿ.